ಆಳದ ಹವಳ ದಿಬ್ಬಗಳು ಮತ್ತು ಕಡಲ ಶಾಖದ ಅಲೆಗಳು

ಆಳದ ಹವಳ ದಿಬ್ಬ: ಸಮುದ್ರದ ಮೇಲ್ಮೈಯಿಂದ ಸುಮಾರು 30 ಮೀಟರ್ ಕೆಳಗೆ ಶುರುವಾಗಿ 150 ಮೀಟರಿನವರೆಗೆ, ಕೆಲವೆಡೆ ಅದಕ್ಕೂ ಕೆಳಗೆ, ಮಂದಬೆಳಕಿನಲ್ಲಿ ಬೆಳೆಯುವ ಹವಳ, ಸ್ಪಂಜು, ಸಮುದ್ರ ಬೀಸಣಿಗೆ, ಪಾಚಿ ಮತ್ತು ಅವನ್ನು ನಂಬಿ ಬದುಕುವ ಮೀನುಗಳ ಸಮುದಾಯ. ವಿಜ್ಞಾನಿಗಳು ಇದನ್ನು ಮೀಸೋಫೋಟಿಕ್ ದಿಬ್ಬ ಎನ್ನುತ್ತಾರೆ. ನಡುಬೆಳಕಿನದು ಎಂದು ಆ ಪದದ ಅರ್ಥ. ನಾರ್ವೆಯ ಕಡಲಿನಲ್ಲಿರುವಂತೆ ನೂರಾರು ಮೀಟರ್ ಆಳದ ಕತ್ತಲಲ್ಲಿ, ತಣ್ಣೀರಿನಲ್ಲಿ ಬೆಳೆಯುವ ಹವಳಗಳೂ ಇವೆ. ಅವು ಬೆಳಕಿನ ಹಂಗೇ ಇಲ್ಲದ ಬೇರೆ ವರ್ಗ. ಈ ಲೇಖನದ ವಿಷಯ ಬೆಳಕು ತೀರಾ ಕಡಿಮೆಯಾದರೂ ಅದನ್ನೇ ನೆಚ್ಚಿಕೊಂಡ ದಿಬ್ಬಗಳು.

ಹವಳದ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಮೊದಲ 30 ಮೀಟರಿನ ಕಥೆ. ಸಾಮಾನ್ಯ ಸ್ಕೂಬಾ ಮುಳುಗುಗಾರರು 40 ಮೀಟರಿಗೆ ನಿಲ್ಲಬೇಕು. ಜಲಾಂತರ್ಗಾಮಿಗಳಲ್ಲಿ ಇಳಿಯುವ ಸಂಶೋಧಕರಿಗೆ ಇನ್ನೂ ಕೆಳಗಿನ ಲೋಕದ ಮೇಲೆ ಕಣ್ಣು. ನಡುವಿನ ಈ ಪಟ್ಟಿ ಇಬ್ಬರ ಕೈಗೂ ಸಿಗದೆ ಬಹುಕಾಲ ಉಳಿದುಹೋಯಿತು. ಕಳೆದ ಎರಡು ದಶಕಗಳಲ್ಲಿ ಅಲ್ಲಿಗೆ ಇಳಿದು ಲೆಕ್ಕ ತಂದವರಲ್ಲಿ ಅನೇಕರು ಡಾಕ್ಟರೇಟ್ ವಿದ್ಯಾರ್ಥಿಗಳು. ಕಾಯುವ ಮೂರು ನಾಲ್ಕು ವರ್ಷ ಅವರ ಬಳಿ ಇರುತ್ತದೆ, ಮತ್ತು ಈ ಕೆಲಸಕ್ಕೆ ಬೇಕಾದದ್ದು ಬಹುಪಾಲು ಅದೇ.

ಬೆಳಕು ತೀರುವ ಕಡೆ

ಸಮುದ್ರದಲ್ಲಿ ಇಳಿಯುತ್ತಾ ಹೋದರೆ ಕೆಂಪು ಬಣ್ಣ ಮೊದಲು ಮಾಯವಾಗುತ್ತದೆ, ಆಮೇಲೆ ಕಿತ್ತಳೆ, ಹಳದಿ. ಕಡೆಗೆ ಉಳಿಯುವುದು ನೀಲಿ ಮಾತ್ರ. ಹವಳದ ಪಾಲಿಪ್ ಎಂಬ ಪುಟ್ಟ ಪ್ರಾಣಿಯ ಅಂಗಾಂಶದೊಳಗೆ ಏಕಕೋಶದ ಪಾಚಿ ಬಾಡಿಗೆಗಿರುತ್ತದೆ. ಬೆಳಕಿನಿಂದ ಅದು ತಯಾರಿಸುವ ಸಕ್ಕರೆಯೇ ಹವಳದ ಊಟದ ದೊಡ್ಡ ಪಾಲು. ಹೀಗಾಗಿ ಆಳದ ಹವಳದ ಬದುಕೆಲ್ಲ ಉಳಿದ ಆ ಒಂದಿಷ್ಟು ನೀಲಿಯನ್ನು ಹಿಡಿಯುವುದರ ಸುತ್ತ ರೂಪುಗೊಂಡಿದೆ.

ಲೆಪ್ಟೋಸೆರಿಸ್ ಎಂಬ ಜಾತಿಗಣವನ್ನು ನೋಡಿದರೆ ಇದು ತಿಳಿಯುತ್ತದೆ. ಮೇಲಿನ ದಿಬ್ಬದ ಹವಳಗಳಂತೆ ಇದು ಕವಲೊಡೆದು ಗಿಡವಾಗುವುದಿಲ್ಲ, ಗುಂಡಾಗಿ ಉಬ್ಬುವುದೂ ಇಲ್ಲ. ಇಳಿಜಾರಿನ ಬಂಡೆಗೆ ಒಂದು ಅಂಚಿನಲ್ಲಿ ಅಂಟಿಕೊಂಡು, ತೆಳ್ಳನೆಯ ತಟ್ಟೆಯಾಗಿ ಅಡ್ಡಲಾಗಿ ಚಾಚುತ್ತದೆ. ಹತ್ತಾರು ತಟ್ಟೆಗಳು ಸಾಲಾಗಿ ಬೆಳೆದ ಕಡೆ ಹೆಂಚು ಹೊದಿಸಿದ ಮಾಡನ್ನು ಮೇಲಿನಿಂದ ನೋಡಿದ ಹಾಗೆ ಕಾಣುತ್ತದೆ. ತಟ್ಟೆಯ ಮೇಲ್ಮುಖವೆಲ್ಲ ಬೆಳಕಿಗೆ ಒಡ್ಡಿದ ಎಲೆ. ಅಡಿಯಲ್ಲಿ ಬರೀ ಸುಣ್ಣದ ಎಲುಬು. ಕೆಲವು ಆಳದ ಹವಳಗಳು ಹೊಳೆಯುವ ಪ್ರೋಟೀನುಗಳನ್ನು ಕಟ್ಟಿಕೊಂಡು, ಬೀಳುವ ನೀಲಿ ಬೆಳಕನ್ನು ಕಿತ್ತಳೆ ಕೆಂಪಾಗಿ ಬದಲಿಸಿ ಒಳಗಿನ ಪಾಚಿಗೆ ತಲುಪಿಸುತ್ತವೆ. ಫ್ರೆಂಚ್ ಪಾಲಿನೇಷ್ಯಾದ ಗ್ಯಾಂಬಿಯರ್ ದ್ವೀಪಗಳ ಬಳಿ ಲೆಪ್ಟೋಸೆರಿಸ್ ಹವಾಯಿಯೆನ್ಸಿಸ್ 172 ಮೀಟರ್ ಆಳದಲ್ಲಿ ಜೀವಂತವಾಗಿ ಸಿಕ್ಕಿದೆ. ಮೇಲಿನಿಂದ ಬಂದ ಬೆಳಕಿನ ನೂರರಲ್ಲೊಂದು ಪಾಲೂ ಅಲ್ಲಿಗೆ ಮುಟ್ಟುವುದು ಕಷ್ಟ.

ಇಷ್ಟು ಬಿಗಿಯಾದ ಲೆಕ್ಕದಲ್ಲಿ ಬದುಕುವ ಜೀವಿಗೆ ನೀರು ಬಿಸಿಯಾದರೆ ಏನಾಗುತ್ತದೆ? ಉಷ್ಣತೆ ಮಿತಿ ಮೀರಿದಾಗ ಪಾಚಿಯ ದ್ಯುತಿಸಂಶ್ಲೇಷಣೆಯ ಯಂತ್ರ ಕೆಟ್ಟು, ಅಂಗಾಂಶವನ್ನು ಸುಡುವ ಆಮ್ಲಜನಕದ ಉಗ್ರ ರೂಪಗಳು ಹುಟ್ಟುತ್ತವೆ. ಹವಳ ತನ್ನೊಳಗಿನ ಪಾಚಿಯನ್ನು ಹೊರದಬ್ಬುತ್ತದೆ. ಬಣ್ಣ ಕೊಟ್ಟಿದ್ದು ಪಾಚಿಯೇ ಆದ್ದರಿಂದ, ಪಾರದರ್ಶಕ ಚರ್ಮದಡಿಯ ಬಿಳಿ ಎಲುಬು ಕಾಣತೊಡಗುತ್ತದೆ. ಇದೇ ಬಿಳಿಚುವಿಕೆ. ಬಿಳಿಚಿದ ಹವಳ ಸತ್ತಿರುವುದಿಲ್ಲ, ಉಪವಾಸ ಬಿದ್ದಿರುತ್ತದೆ. ನೀರು ಬೇಗ ತಣಿದರೆ ಪಾಚಿ ಮರಳುತ್ತದೆ. ವಾರಗಟ್ಟಲೆ ತಣಿಯದಿದ್ದರೆ ಸಾವು.

ಶಾಖದ ಅಲೆಯ ಅಳತೆ

ಒಂದು ಜಾಗದಲ್ಲಿ, ಆ ಋತುವಿನಲ್ಲಿ, ಮೂವತ್ತು ವರ್ಷಗಳ ದಾಖಲೆಯ ಪೈಕಿ ಶೇ. 90ರಷ್ಟು ದಿನಗಳಿಗಿಂತ ಹೆಚ್ಚಿನ ಉಷ್ಣತೆ ಸತತ ಐದು ದಿನ ಅಥವಾ ಅದಕ್ಕೂ ಹೆಚ್ಚು ಕಾಲ ನಿಂತರೆ ಅದು ಕಡಲ ಶಾಖದ ಅಲೆ. ಆಸ್ಟ್ರೇಲಿಯಾದ ಅಲಿಸ್ಟೇರ್ ಹಾಬ್‌ಡೇ ಮತ್ತು ಸಂಗಡಿಗರು 2016ರಲ್ಲಿ ಕೊಟ್ಟ ಈ ವ್ಯಾಖ್ಯೆ ಈಗ ಎಲ್ಲೆಡೆ ಚಲಾವಣೆಯಲ್ಲಿದೆ. ಇದೇ ಅಳತೆಗೋಲು ಹಿಡಿದು 1925ರಿಂದ 2016ರವರೆಗಿನ ದಾಖಲೆಗಳನ್ನು ನೋಡಿದಾಗ, ಜಗತ್ತಿನ ಕಡಲುಗಳಲ್ಲಿ ವರ್ಷವೊಂದರ ಶಾಖದ ಅಲೆಯ ದಿನಗಳ ಸಂಖ್ಯೆ ಆ ಅವಧಿಯಲ್ಲಿ ಶೇ. 54ರಷ್ಟು ಹೆಚ್ಚಿರುವುದು ತಿಳಿದುಬಂತು.

ಹವಳದ ಮಟ್ಟಿಗೆ ಬಳಕೆಯಲ್ಲಿರುವುದು ಇನ್ನೊಂದು ಲೆಕ್ಕ. ಅಮೆರಿಕದ ಸಾಗರ ಮತ್ತು ವಾಯುಮಂಡಲ ಆಡಳಿತ ಸಂಸ್ಥೆಯಾದ ನೋವಾ ಉಪಗ್ರಹಗಳ ನೆರವಿನಿಂದ ಪ್ರತಿ ದಿಬ್ಬದ ಮೇಲೆ ಕೂಡಿಬಂದ ಶಾಖವನ್ನು ‘ಡಿಗ್ರಿ–ವಾರ’ಗಳಲ್ಲಿ ಎಣಿಸುತ್ತದೆ. ವರ್ಷದ ಅತಿ ಬಿಸಿ ತಿಂಗಳ ಸರಾಸರಿಗಿಂತ ಒಂದು ಡಿಗ್ರಿ ಹೆಚ್ಚು ಉಷ್ಣತೆ ಒಂದು ವಾರ ನಿಂತರೆ ಒಂದು ಡಿಗ್ರಿ–ವಾರ. ನಾಲ್ಕು ಮುಟ್ಟಿದರೆ ಬಿಳಿಚುವಿಕೆ, ಎಂಟು ಮುಟ್ಟಿದರೆ ವ್ಯಾಪಕ ಸಾವು ನಿರೀಕ್ಷಿತ. 2024ರ ಏಪ್ರಿಲ್‌ನಲ್ಲಿ ನಾಲ್ಕನೆಯ ಜಾಗತಿಕ ಬಿಳಿಚುವಿಕೆ ಘೋಷಣೆಯಾದದ್ದು ಈ ವ್ಯವಸ್ಥೆ ನೀಡಿದ ಮಾಹಿತಿಯ ಬಲದಿಂದಲೇ.

ಈ ವ್ಯವಸ್ಥೆಯ ಉಪಕಾರ ದೊಡ್ಡದು, ಸಂದೇಹವಿಲ್ಲ. ಆದರೆ ಉಪಗ್ರಹದ ಅವಗೆಂಪು ಕಣ್ಣಿಗೆ ಕಾಣುವುದು ನೀರಿನ ತೊಗಲು ಮಾತ್ರ, ಒಂದು ಮಿಲಿಮೀಟರಿಗಿಂತಲೂ ತೆಳುವಾದ ಪದರ. ಮೇಲಿನ ನೀರು ಚೆನ್ನಾಗಿ ಬೆರೆತಿರುವ ಕಡೆ ಹತ್ತು ಮೀಟರಿನ ಹವಳದ ಪಾಡು ಅದರಿಂದ ಊಹಿಸಬಹುದು. ತೊಂಬತ್ತು ಮೀಟರಿನ ಹವಳದ ಪಾಡು ಊಹಿಸಲಾಗದು. ಈ ಕ್ಷೇತ್ರದ ಸಂಶೋಧನೆಯೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಈ ಕೊರತೆಯಿಂದಲೇ ಹುಟ್ಟಿದೆ.

ಆಳದ ಆಸರೆ ಎಂಬ ನಂಬಿಕೆ

ಮೇಲೆ ಬಿಸಿ, ಕೆಳಗೆ ತಂಪು. ಹಾಗಾದರೆ ಮೇಲಿನ ಹವಳ ಸತ್ತರೂ ಕೆಳಗಿನದು ಬದುಕಿ, ಅದರ ಲಾರ್ವಾಗಳು ಮೇಲೆ ತೇಲಿಬಂದು ಹಾಳುಬಿದ್ದ ದಿಬ್ಬವನ್ನು ಮತ್ತೆ ಬಿತ್ತಬಹುದಲ್ಲವೆ? 1990ರ ದಶಕದಲ್ಲಿ ಪೀಟರ್ ಗ್ಲಿನ್ ಮುಂತಾದವರ ಬರಹಗಳಿಂದ ಬೆಳೆದ ಈ ಆಲೋಚನೆಗೆ ‘ಆಳದ ಆಸರೆ ಸಿದ್ಧಾಂತ’ ಎಂದು ಹೆಸರಾಯಿತು. ಅದಕ್ಕೆ ಪುರಾವೆಗಳೂ ಸಿಕ್ಕವು. 1998ರ ಮಹಾ ಬಿಳಿಚುವಿಕೆಯ ಬಳಿಕ ಜಪಾನಿನ ಒಕಿನಾವಾದ ಮೇಲಿನ ನೀರಿನಿಂದ ಅಳಿದೇ ಹೋಯಿತೆಂದುಕೊಂಡಿದ್ದ ಸೀರಿಯಾಟೊಪೋರಾ ಹಿಸ್ಟ್ರಿಕ್ಸ್ ಎಂಬ ಸೂಜಿಕವಲಿನ ಹವಳ ಅಲ್ಲಿಯೇ ಸುಮಾರು 40 ಮೀಟರ್ ಆಳದಲ್ಲಿ ಪತ್ತೆಯಾಯಿತು.

ಪಿಮ್ ಬೊಂಗಾರ್ಟ್ಸ್ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ವಿದ್ಯಾರ್ಥಿಯಾಗಿದ್ದಾಗಲೇ, 2010ರಲ್ಲಿ, ಸಂಗಡಿಗರೊಂದಿಗೆ ಈ ಸಿದ್ಧಾಂತವನ್ನು ಸಾಕ್ಷ್ಯಗಳ ಎದುರು ನಿಲ್ಲಿಸಿ ಪರಿಶೀಲಿಸಿದರು. ಆಳದ ಹವಳ ಬದುಕಿ ಉಳಿಯುತ್ತದೆಯೆ ಎನ್ನುವುದು ಒಂದು ಪ್ರಶ್ನೆ. ಉಳಿದದ್ದು ಮೇಲಿನ ದಿಬ್ಬಕ್ಕೆ ಸಂತಾನ ಕಳಿಸುತ್ತದೆಯೆ ಎನ್ನುವುದು ಬೇರೆಯದೇ ಪ್ರಶ್ನೆ. ಎರಡನ್ನೂ ಬಿಡಿಸಿ ನೋಡಿದ್ದು ಆ ಪರಿಶೀಲನೆಯ ದೊಡ್ಡ ಲಾಭ. 2017ರಲ್ಲಿ ಅವರ ತಂಡ ಬರ್ಮುಡಾದ ಎರಡು ಹವಳ ಜಾತಿಗಳ ಡಿಎನ್‌ಎ ಹೋಲಿಸಿತು. ಒಂದರಲ್ಲಿ ಮೇಲಿನವೂ ಕೆಳಗಿನವೂ ಒಂದೇ ಬಳಗ. ಅಗಾರಿಸಿಯಾ ಫ್ರಾಜಿಲಿಸ್ ಎಂಬ ಇನ್ನೊಂದರಲ್ಲಿ ಮೇಲಿನ ಮನೆತನ ಬೇರೆ, ಕೆಳಗಿನ ಮನೆತನ ಬೇರೆ. ಕೊಡುಕೊಳ್ಳುವ ಸಂಬಂಧ ಅಷ್ಟಕ್ಕಷ್ಟೆ. ಅಂದರೆ ಆಳದ ಬಿತ್ತನೆಬೀಜ ಎಲ್ಲ ಹೊಲಕ್ಕೂ ಒಗ್ಗುವುದಿಲ್ಲ. ಮರುವರ್ಷ ಲೂಯಿಸ್ ರೋಚಾ ಮತ್ತು ಸಂಗಡಿಗರು ಅಟ್ಲಾಂಟಿಕ್, ಪೆಸಿಫಿಕ್ ಎರಡೂ ಕಡೆ 150 ಮೀಟರಿನವರೆಗೆ ಮುಳುಗಿ ಬಂದು, ಆಳದ ದಿಬ್ಬಗಳ ಮೀನು, ಹವಳಗಳು ಮೇಲಿನವುಗಳ ತಗ್ಗಿನ ನೆರಳಲ್ಲವೆಂದೂ, ಅವು ತಮ್ಮದೇ ಬೇರೆ ಸಮುದಾಯವೆಂದೂ, ಅಲ್ಲಿಯೂ ಬಲೆ, ಪ್ಲಾಸ್ಟಿಕ್, ಹೂಳು ತಲುಪಿವೆಯೆಂದೂ ವರದಿ ಮಾಡಿದರು.

ತಂಪಿನ ನಂಬಿಕೆಗೂ ಏಟು ಬಿತ್ತು. 2016ರಲ್ಲಿ ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರ ಭಾಗ ಬಿಳಿಚಿದಾಗ, ಬೇಸಿಗೆಯ ಮೊದಲ ದಿನಗಳಲ್ಲಿ ತಳದಿಂದ ಮೇಲೇಳುವ ತಣ್ಣೀರು 40 ಮೀಟರಿನ ಹವಳಗಳನ್ನು ಕಾಯ್ದಿತ್ತು. ಆ ಏರುನೀರು ನಿಂತುಹೋಯಿತು. ಸಮೀಕ್ಷೆಯ ಹೊತ್ತಿಗೆ 40 ಮೀಟರಿನಲ್ಲಿ ಶೇ. 40ರಷ್ಟು ಹವಳಗಳು ಬಿಳಿಚಿದ್ದವು, ಶೇ. 6ರಷ್ಟು ಸತ್ತಿದ್ದವು. 5ರಿಂದ 25 ಮೀಟರಿನಲ್ಲಿ ಬಿಳಿಚಿದ್ದು ಶೇ. 60ರಿಂದ 69. ಆಳಕ್ಕೆ ರಿಯಾಯಿತಿ ಸಿಕ್ಕಿತು, ವಿನಾಯಿತಿ ಸಿಗಲಿಲ್ಲ. ಕೆರಿಬಿಯನ್‌ನಲ್ಲಿ ಟೈಲರ್ ಸ್ಮಿತ್ ಮತ್ತು ಸಂಗಡಿಗರು ಇನ್ನೂ ಒಂದು ಸೂಕ್ಷ್ಮ ಕಂಡುಕೊಂಡಿದ್ದರು: ಆಳ ಹೆಚ್ಚಿದಂತೆ ಹವಳ ಬಿಳಿಚಲು ಬೇಕಾಗುವ ಉಷ್ಣತೆಯೇ ಕಡಿಮೆಯಾಗುತ್ತಾ ಹೋಗುತ್ತದೆ. ತಂಪಿಗೆ ಒಗ್ಗಿದ ಜೀವಕ್ಕೆ ಮೇಲಿನವರ ಸಾಮಾನ್ಯ ದಿನವೇ ಜ್ವರ.

ಎಗ್ಮಾಂಟ್, 2019

ಆಳದ ಹವಳಕ್ಕೂ ಶಾಖದಿಂದ ವಿನಾಯಿತಿ ಇಲ್ಲ ಎಂಬುದಕ್ಕೆ ಈವರೆಗಿನ ಅತ್ಯಂತ ಸ್ಪಷ್ಟ ನಿದರ್ಶನ ಹಿಂದೂ ಮಹಾಸಾಗರದ ನಟ್ಟನಡುವಿನಿಂದ ಬಂದಿದೆ. ಮಾಲ್ಡೀವ್ಸ್‌ನ ದಕ್ಷಿಣಕ್ಕೆ ಚಾಗೋಸ್ ದ್ವೀಪಸಮೂಹವಿದೆ. ಅಲ್ಲಿನ ಮೂಲನಿವಾಸಿಗಳನ್ನು 1960, 70ರ ದಶಕಗಳಲ್ಲಿ ಒಕ್ಕಲೆಬ್ಬಿಸಲಾಯಿತು; ಸೇನಾ ನೆಲೆಯಿರುವ ಡಿಯಾಗೋ ಗಾರ್ಸಿಯಾ ಬಿಟ್ಟರೆ ಉಳಿದ ದ್ವೀಪಗಳಲ್ಲಿ ಜನವಸತಿಯಿಲ್ಲ. 2010ರಿಂದ ಸುತ್ತಲಿನ ಕಡಲಿನಲ್ಲಿ ವಾಣಿಜ್ಯ ಮೀನುಗಾರಿಕೆ ನಿಷಿದ್ಧ. ಊರು, ಚರಂಡಿ, ಬಲೆ ಇವುಗಳ ಕಾಟವಿಲ್ಲದ ಜಾಗವಾದ್ದರಿಂದ ಇಲ್ಲಿ ಹವಳಕ್ಕೆ ಏನಾದರೂ ಆದರೆ ಅದರ ಹೊಣೆ ಬಹುಪಾಲು ನೀರಿನದೇ.

2019ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ತಂಡ ಚಾಗೋಸ್‌ನ ಎಗ್ಮಾಂಟ್ ಹವಳ ದ್ವೀಪದ ಇಳಿಜಾರಿನಲ್ಲಿ ಕ್ಯಾಮೆರಾ ಹೊತ್ತ ದೂರನಿಯಂತ್ರಿತ ಯಂತ್ರವನ್ನು ಇಳಿಬಿಟ್ಟಿತು. ಮೇಲಿನ ದಿಬ್ಬ ಬಣ್ಣದಿಂದ ತುಂಬಿತ್ತು. ಯಂತ್ರ ಇಳಿಯುತ್ತಾ ಹೋಗಿ 60 ಮೀಟರ್ ದಾಟಿದ ಮೇಲೆ, ದೀಪದ ಬೆಳಕಿನಲ್ಲಿ ಬಿಳಿ ತಟ್ಟೆಗಳು ಕಾಣಿಸಿಕೊಂಡವು. 90 ಮೀಟರಿನಲ್ಲೂ ಬಿಳಿ. ಕೆಲವು ಕಡೆ ಶೇ. 80ರಷ್ಟು ಹವಳಕ್ಕೆ ಪೆಟ್ಟು ಬಿದ್ದಿತ್ತು. ಅಷ್ಟು ಆಳದಲ್ಲಿ ಬಿಳಿಚುವಿಕೆ ಅದುವರೆಗೆ ದಾಖಲಾಗಿರಲಿಲ್ಲ. ಅದಕ್ಕಿಂತ ದಿಗಿಲು ಹುಟ್ಟಿಸುವ ಸಂಗತಿಯೆಂದರೆ, ಮೇಲೆ ಎಲ್ಲ ಸರಿಯಿದ್ದಾಗಲೇ ಕೆಳಗೆ ಇದು ನಡೆದಿತ್ತು. ಮೇಲ್ಮೈಯ ಉಷ್ಣತೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಆಳದಲ್ಲಿ ಮಾತ್ರ 22 ಡಿಗ್ರಿ ಇದ್ದ ನೀರು 29 ಡಿಗ್ರಿ ಸೆಲ್ಸಿಯಸ್‌ಗೆ ಏರಿತ್ತು.

ಇದು ಹೇಗಾಯಿತೆಂದು ತಿಳಿಯಲು ಕಡಲಿನ ಪದರಗಳನ್ನು ನೋಡಬೇಕು. ಉಷ್ಣವಲಯದ ಸಮುದ್ರದಲ್ಲಿ ಗಾಳಿ ಕಲಕಿದ ಬೆಚ್ಚನೆಯ ನೀರು ಮೇಲೆ, ತಣ್ಣನೆಯ ಭಾರದ ನೀರು ಕೆಳಗೆ. ಇವೆರಡರ ನಡುವೆ ಉಷ್ಣತೆ ಸರಸರನೆ ಇಳಿಯುವ ಪದರಕ್ಕೆ ಥರ್ಮೋಕ್ಲೈನ್ ಎಂದು ಹೆಸರು. ಎಗ್ಮಾಂಟ್‌ನ ಆಳದ ಹವಳಗಳು ಈ ಗಡಿಯ ಆಸುಪಾಸಿನಲ್ಲೇ ಬದುಕುತ್ತವೆ. ಗಡಿ ಮೇಲೇರಿದರೆ ತಂಪು, ಇಳಿದರೆ ಬಿಸಿ. 2019ರಲ್ಲಿ ಹಿಂದೂ ಮಹಾಸಾಗರದ ದ್ವಿಧ್ರುವ ಸ್ಥಿತಿ, ಅಂದರೆ ಅದರ ಪೂರ್ವ, ಪಶ್ಚಿಮ ಭಾಗಗಳ ಉಷ್ಣತೆಯ ತೂಗಾಟ, ಅತ್ಯಂತ ಪ್ರಬಲವಾದ ಧನ ಹಂತಕ್ಕೆ ಹೋಯಿತು. ಪೂರ್ವದಿಂದ ಬೀಸಿದ ಗಾಳಿ ಬೆಚ್ಚನೆಯ ನೀರನ್ನು ಪಶ್ಚಿಮಕ್ಕೆ ತಳ್ಳಿ ಅಲ್ಲಿ ಪೇರಿಸಿತು; ಆ ಭಾರಕ್ಕೆ ಗಡಿಪದರ ಕೆಳಕ್ಕೆ ಕುಸಿದು ವಾರಗಟ್ಟಲೆ ಅಲ್ಲೇ ಕೂತಿತು. ಹವಳಗಳು ಇದ್ದಲ್ಲೇ ಇದ್ದವು, ಬಿಸಿನೀರು ಅವುಗಳ ತಲೆಯ ಮೇಲಿಂದ ಇಳಿದು ಅವನ್ನು ಮುಳುಗಿಸಿತು. ನೀರಿನೊಳಗೇ ಏಳುವ ಒಳಅಲೆಗಳು ಈ ಬಿಸಿಯನ್ನು ದ್ವೀಪದ ಒಂದು ಮಗ್ಗುಲಿಗೆ ಹೆಚ್ಚು, ಇನ್ನೊಂದು ಮಗ್ಗುಲಿಗೆ ಕಡಿಮೆ ಹಂಚಿರಬಹುದೆಂದು ತಂಡದ ಅಧ್ಯಯನ ಸೂಚಿಸಿತು. ಇದೇ ದ್ವಿಧ್ರುವದ ವರ್ಷದಲ್ಲಿ ಅರಬ್ಬಿ ಸಮುದ್ರದಲ್ಲಿ ಕ್ಯಾರ್, ಮಹಾ ಚಂಡಮಾರುತಗಳೆದ್ದವು. ಕರಾವಳಿಯವರಿಗೆ ಆ ಅಕ್ಟೋಬರ್ ನೆನಪಿರುತ್ತದೆ. ಅದೇ ಕಾಲಕ್ಕೆ ಚಾಗೋಸ್‌ನ ಆಳದಲ್ಲಿ ನಡೆದದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಕ್ಲಾರಾ ಡಯಾಜ್ ಮೊದಲ ಲೇಖಕಿಯಾಗಿ, ಫಿಲ್ ಹೋಸ್‌ಗುಡ್ ಮುಂತಾದವರೊಂದಿಗೆ ಬರೆದ ಈ ಅಧ್ಯಯನ 2023ರ ಅಕ್ಟೋಬರ್‌ನಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಜೀವಶಾಸ್ತ್ರದವರು ಹವಳ ನೋಡಿದರೆ ಭೌತ ಸಾಗರಶಾಸ್ತ್ರದವರು ಗಡಿಪದರದ ಜಾಡು ಹಿಡಿದರು. ಒಬ್ಬರಿಲ್ಲದೆ ಇನ್ನೊಬ್ಬರಿಗೆ ಕಾರಣ ಹೊಳೆಯುತ್ತಿರಲಿಲ್ಲ. 2020ರಲ್ಲೂ 2022ರಲ್ಲೂ ತಂಡ ಮತ್ತೆ ಹೋದಾಗ ಬಿಳಿಚಿದ್ದ ದಿಬ್ಬದ ದೊಡ್ಡ ಭಾಗ ಚೇತರಿಸಿಕೊಂಡಿತ್ತು. ಅಂದರೆ ಒಂದೇ ಒಂದು ಹೊಡೆತವನ್ನು, ನಡುವೆ ಬಿಡುವಿದ್ದರೆ, ಈ ಹವಳಗಳು ತಾಳಿಕೊಳ್ಳಬಲ್ಲವು.

ಸಂಶೋಧಕರ ದಿನಚರಿ

ಇಂಥ ವಿಷಯದ ಮೇಲೆ ಡಾಕ್ಟರೇಟ್ ಮಾಡುವುದೆಂದರೆ ನೀರಿನಲ್ಲಿ ಕಳೆಯುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹೊತ್ತನ್ನು ಕಂಪ್ಯೂಟರ್ ಪರದೆಯ ಮುಂದೆ ಕಳೆಯುವುದು. ಹಡಗಿನ ಯಾನ ಕೆಲವೇ ವಾರ. ಯಂತ್ರ ತಂದ ವಿಡಿಯೊ ಮಾತ್ರ ಗಂಟೆಗಟ್ಟಲೆ. ಅದರಿಂದ ಚಿತ್ರಗಳನ್ನು ಬಿಡಿಸಿಕೊಂಡು, ಒಂದೊಂದರಲ್ಲೂ ಪ್ರತಿ ಹವಳವನ್ನು ಗುರುತಿಸಿ, ಆರೋಗ್ಯವಾಗಿದೆ, ಮಾಸಿದೆ, ಪೂರ್ತಿ ಬಿಳಿಚಿದೆ, ಸತ್ತು ಪಾಚಿಗಟ್ಟಿದೆ ಎಂದು ವಿಂಗಡಿಸಬೇಕು. ಕ್ಯಾಮೆರಾದ ಪಕ್ಕದಿಂದ ಹೊರಟ ಎರಡು ಲೇಸರ್ ಚುಕ್ಕೆಗಳು ಚಿತ್ರದಲ್ಲಿ ಬಿದ್ದಿರುತ್ತವೆ. ಅವುಗಳ ನಡುವಿನ ಅಂತರ ಗೊತ್ತಿರುವುದರಿಂದ ಹವಳದ ಅಗಲ ಅಳೆಯಬಹುದು. ಮಂದಬೆಳಕಿನಲ್ಲಿ ತಿಳಿಬಣ್ಣದ ಆರೋಗ್ಯವಂತ ಹವಳಕ್ಕೂ ಬಿಳಿಚಿದ್ದಕ್ಕೂ ವ್ಯತ್ಯಾಸ ಹೇಳುವುದು ಕಷ್ಟ; ಯಂತ್ರದ ದೀಪ ಹತ್ತಿರವಾದರೆ ಎಲ್ಲವೂ ಬೆಳ್ಳಗೆ ಕಾಣುತ್ತದೆ. ಈ ಬಗೆಯ ಎಚ್ಚರ ಇಲ್ಲದಿದ್ದರೆ ಪ್ರಬಂಧವೇ ತಪ್ಪು ದಾರಿ ಹಿಡಿಯುತ್ತದೆ.

ಇನ್ನೊಂದು ಕೆಲಸ ಉಷ್ಣತೆ ದಾಖಲಿಸುವ ಲಾಗರ್‌ಗಳನ್ನು ಬೇರೆ ಬೇರೆ ಆಳದಲ್ಲಿ ಕಟ್ಟಿ ಬರುವುದು. ಅಂಗೈಯಲ್ಲಿ ಹಿಡಿಸುವ ಈ ಉಪಕರಣ ನಿಗದಿತ ಹೊತ್ತಿಗೊಮ್ಮೆ ಒಂದು ಅಂಕಿ ಬರೆದುಕೊಳ್ಳುತ್ತಾ ವರ್ಷವಿಡೀ ಕೂತಿರುತ್ತದೆ. ಆದರೆ ಅಂಕಿಗಳು ಅದರ ಹೊಟ್ಟೆಯಲ್ಲೇ ಇರುವುದರಿಂದ, ಮರಳಿ ಹೋಗಿ ತರುವವರೆಗೆ ಕೆಳಗೆ ಏನಾಯಿತೆಂದು ಗೊತ್ತಾಗುವುದಿಲ್ಲ. ಸ್ಪಂಜು, ಪಾಚಿ ಮೆತ್ತಿಕೊಂಡು ಲಾಗರ್ ಇದ್ದ ಗುರುತೇ ಸಿಗದಿರುವುದುಂಟು. 90 ಮೀಟರಿನಲ್ಲಿ ಒತ್ತಡ ಮೇಲಿನದರ ಹತ್ತು ಪಟ್ಟು. ಹೀಲಿಯಂ ಬೆರೆಸಿದ ಗಾಳಿ, ಬಿಟ್ಟ ಉಸಿರನ್ನೇ ಶುದ್ಧಿ ಮಾಡಿ ಮತ್ತೆ ಕೊಡುವ ರೀಬ್ರೀದರ್ ಇಲ್ಲದೆ ಮನುಷ್ಯ ಅಲ್ಲಿ ಕೆಲಸ ಮಾಡುವಂತಿಲ್ಲ. ಕೆಳಗೆ ಕೆಲವು ನಿಮಿಷ ಕಳೆದವರು ಮೇಲೇರುವಾಗ ಹಂತಹಂತವಾಗಿ ಗಂಟೆಗಟ್ಟಲೆ ನಿಲ್ಲಬೇಕು.

ಎಲ್ಲಕ್ಕಿಂತ ಕಠಿಣವಾದದ್ದು ಸಮಯದ ಹೊಂದಾಣಿಕೆ. ಶಾಖದ ಅಲೆ ವಿದ್ಯಾರ್ಥಿವೇತನದ ಅವಧಿ ನೋಡಿಕೊಂಡು ಬರುವುದಿಲ್ಲ. ಹೀಗಾಗಿ ಒಳ್ಳೆಯ ಪ್ರಬಂಧಗಳು ಎರಡು ಕಾಲ ಮೇಲೆ ನಿಂತಿರುತ್ತವೆ: ಕಡಲಿನ ವೀಕ್ಷಣೆ ಒಂದು, ಹವಳದ ತುಣುಕುಗಳನ್ನು ತೊಟ್ಟಿಯಲ್ಲಿಟ್ಟು ಹಂತಹಂತವಾಗಿ ನೀರು ಬಿಸಿ ಮಾಡಿ ಅವುಗಳ ಮಿತಿ ಹುಡುಕುವ ಪ್ರಯೋಗ ಇನ್ನೊಂದು.

ಬೇರೆ ಕಡಲುಗಳಿಂದ

ಪೆಸಿಫಿಕ್‌ನ ಮೊರಿಯಾ ದ್ವೀಪದಲ್ಲೂ 2019ರಲ್ಲಿ ತೀವ್ರ ಬಿಳಿಚುವಿಕೆ ಆಯಿತು. ಸುತ್ತ ತಿರುಗುವ ಬೃಹತ್ ಸುಳಿಗಳು ಗಡಿಪದರವನ್ನು ಕೆಳಗೊತ್ತಿ, ಒಳಅಲೆಗಳು ತರುತ್ತಿದ್ದ ತಂಪನ್ನು ತಡೆದಿದ್ದವು. ಮೇಲ್ಮೈಯ ಅಂಕಿಗಳಿಂದ ಆ ಅನಾಹುತ ಊಹಿಸುವಂತಿರಲಿಲ್ಲ. ಮೆಡಿಟರೇನಿಯನ್‌ನಲ್ಲಿ 2015ರಿಂದ 2019ರವರೆಗೆ ವರ್ಷವರ್ಷವೂ ಬಂದ ಶಾಖದ ಅಲೆಗಳಲ್ಲಿ 45 ಮೀಟರ್ ಆಳದವರೆಗೆ ಜೀವಿಗಳು ರಾಶಿರಾಶಿಯಾಗಿ ಸತ್ತವು. ಅಲ್ಲಿನ ಕೆಂಪು ಸಮುದ್ರ ಬೀಸಣಿಗೆಗಳ ಅಂಗಾಂಶ ಕಳಚಿ ಬರೀ ಕಡ್ಡಿ ಉಳಿದವು. 2023ರಲ್ಲಿ ಬಂದ ಎರಡು ಅಧ್ಯಯನಗಳು ಚಿತ್ರವನ್ನು ಇನ್ನಷ್ಟು ಅಗಲಗೊಳಿಸಿದವು. ಉತ್ತರ ಅಮೆರಿಕದ ಖಂಡದಂಚಿನ ತಳದಲ್ಲಿ, ಮೇಲೆ ಯಾವ ಸುಳಿವೂ ಇಲ್ಲದೆ ಶಾಖದ ಅಲೆಗಳು ಬರುತ್ತವೆಂದು ಒಂದು ತೋರಿಸಿತು. ಜಗತ್ತಿನಾದ್ಯಂತ ನೋಡಿದರೆ ಅವುಗಳ ತೀವ್ರತೆ 50ರಿಂದ 200 ಮೀಟರ್ ನಡುವೆ ಅತಿ ಹೆಚ್ಚೆಂದು ಇನ್ನೊಂದು ಲೆಕ್ಕ ಹಾಕಿತು. ಆಳದ ಹವಳ ಬೆಳೆಯುವ ಪಟ್ಟಿಯ ಬಹುಭಾಗ ಅದೇ.

ನಮ್ಮ ಕಡಲು

ಚಾಗೋಸ್ ನಮಗೆ ದೂರದ್ದೆನಿಸಬಹುದು. ಆದರೆ ಚಾಗೋಸ್, ಮಾಲ್ಡೀವ್ಸ್, ಲಕ್ಷದ್ವೀಪ ಮೂರೂ ನೀರೊಳಗಿನ ಒಂದೇ ಬೆಟ್ಟಸಾಲಿನ ಶಿಖರಗಳು. ಎಗ್ಮಾಂಟ್‌ನ ಹವಳಗಳನ್ನು ಬಿಳಿಚಿಸಿದ ದ್ವಿಧ್ರುವ ಸ್ಥಿತಿಯನ್ನು 1999ರಲ್ಲಿ ಮೊದಲು ವಿವರಿಸಿದ ನಾಲ್ವರಲ್ಲಿ ಎನ್.ಎಚ್. ಸಾಜಿ ಮತ್ತು ತೋಶಿಯೊ ಯಮಗಾಟ ಜೊತೆಗೆ, ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಬಿ.ಎನ್. ಗೋಸ್ವಾಮಿ ಮತ್ತು ಮುಂದೆ ಅದೇ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದ ಪಿ.ಎನ್. ವಿನಯಚಂದ್ರನ್ ಇದ್ದರು.

ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ತಂಡದ ಲೆಕ್ಕದಂತೆ ಪಶ್ಚಿಮ ಹಿಂದೂ ಮಹಾಸಾಗರದಲ್ಲಿ ಶಾಖದ ಅಲೆಗಳು ದಶಕಕ್ಕೆ ಸುಮಾರು ಒಂದೂವರೆಯಂತೆ ಹೆಚ್ಚುತ್ತಿವೆ. ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನ ಸಂಶೋಧಕರು 1998ರಿಂದ ಲಕ್ಷದ್ವೀಪದ ದಿಬ್ಬಗಳನ್ನು ಬಿಡದೆ ನೋಡಿಕೊಂಡು ಬಂದಿದ್ದಾರೆ. 1998, 2010, 2016ರ ಬಿಳಿಚುವಿಕೆಗಳನ್ನು ದಾಟಿ ಬಂದ ಅಗತ್ತಿ, ಕಡ್ಮತ್, ಕವರತ್ತಿಗಳಲ್ಲಿ ಜೀವಂತ ಹವಳದ ಹೊದಿಕೆ ಸುಮಾರು ಶೇ. 37ರಿಂದ 2022ರ ವೇಳೆಗೆ ಶೇ. 19ರ ಆಸುಪಾಸಿಗೆ ಇಳಿದಿದೆ. ಒಂದು ಹೊಡೆತಕ್ಕೂ ಮುಂದಿನದಕ್ಕೂ ನಡುವಿನ ಬಿಡುವು ಕಿರಿದಾಗುತ್ತಿರುವುದು ಅಲ್ಲಿನ ಸಂಕಟ. ಎಗ್ಮಾಂಟ್‌ನ ಆಳದ ಹವಳಗಳನ್ನು ಬದುಕಿಸಿದ್ದೂ ಅಂಥ ಬಿಡುವೇ.

ಕರ್ನಾಟಕದ ತೀರದಲ್ಲಿ ಹವಳವೆಂದರೆ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪ ನೆನಪಾಗುತ್ತದೆ. ಮುಳುಗು ಕಲಿಯುವವರೆಲ್ಲ ಹೋಗುವ ಜಾಗ. ಆಳದ ಹವಳ ದಿಬ್ಬವೂ ನಮಗೊಂದಿದೆ. 1970ರ ದಶಕದಲ್ಲಿ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಗವೇಷಣಿ ಎಂಬ ಹಡಗು ಮಲ್ಪೆಯಿಂದ ಪಶ್ಚಿಮಕ್ಕೆ ಸುಮಾರು 100 ಕಿ.ಮೀ. ದೂರದಲ್ಲಿ ಜೀವಂತ ಹವಳವಿರುವ ಮುಳುಗಿದ ದಿಬ್ಬವೊಂದನ್ನು ಕಂಡಿತು. ದಿಬ್ಬಕ್ಕೆ ಆ ಹಡಗಿನ ಹೆಸರೇ ನಿಂತಿತು. ಅದರ ನೆತ್ತಿ ನೀರಿನಿಂದ ಸುಮಾರು 40 ಮೀಟರ್ ಕೆಳಗಿದೆ. ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಏರುನೀರು ನಿಂತ ಮೇಲೆ ನೂರಕ್ಕೆ ನಲವತ್ತು ಹವಳಗಳು ಬಿಳಿಚಿದ್ದು ಅದೇ ಆಳದಲ್ಲಿ.